ಕಾಣೆಯಾದ ಚಾನೆಲ್: ತಂತಿಯಿಂದ ಸೆಟ್ಟಿಂಗಿನವರೆಗೆ

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನದಲ್ಲೂ ಬೆಳಗಾವಿ ಜಿಲ್ಲೆಯ ಹುಕ್ಕೇರಿಯ ಗ್ಯಾರೇಜೊಂದರಲ್ಲಿ ನಿಂತ ಕಾರಿನ ಕೂಲಂಟ್ ಸೊನ್ನೆಗಿಂತ 40 ಡಿಗ್ರಿ ಕೆಳಗಿದೆ ಎಂದು ಸ್ಕ್ಯಾನರ್ ತೋರಿಸಬಲ್ಲದು. ಅದಕ್ಕೆ ಸೆನ್ಸರಿನ ಪ್ಲಗ್ ಸಡಿಲಾದರೆ ಸಾಕು. ಸೆನ್ಸರಿನೊಳಗಿನ ಥರ್ಮಿಸ್ಟರ್‌ನ ರೋಧ ಬಿಸಿಯೇರಿದಂತೆ ಇಳಿಯುತ್ತದೆ, ತಣ್ಣಗಾದಂತೆ ಏರುತ್ತದೆ. ತಂತಿ ಬಿಟ್ಟುಹೋದರೆ ರೋಧಕ್ಕೆ ಮಿತಿಯೇ ಇಲ್ಲ, ಕಂಪ್ಯೂಟರಿನ ಲೆಕ್ಕದಲ್ಲಿ ಅದು ವಿಪರೀತ ಚಳಿ. ಉಷ್ಣತೆಯನ್ನು ಸ್ಕ್ಯಾನರಿಗೆ ತಿಳಿಸಲು ಒಬಿಡಿ ಎಂಬ ವಾಹನ ತಪಾಸಣೆಯ ನಿಯಮ ಕೊಟ್ಟಿರುವುದು ಒಂದೇ ಬೈಟ್. 0ಯಿಂದ 255ರೊಳಗಿನ ಆ ಅಂಕಿಯಿಂದ 40 ಕಳೆದರೆ ಡಿಗ್ರಿ ಸಿಗುತ್ತದೆ. ಬೈಟ್ ಸೊನ್ನೆಯಾದರೆ ಉತ್ತರ ಮೈನಸ್ 40.

ಈ ಅಂಕಿ ಕಂಡ ಕೂಡಲೇ ಹೊಸ ಸೆನ್ಸರ್ ತರಿಸುವವರು ಬಹಳ. ರೇಸ್ ಟ್ರ್ಯಾಕಿನಲ್ಲಿ ಸ್ವಂತ ಕಾರು ಓಡಿಸುವ ಹವ್ಯಾಸಿಗಳೂ ಇದಕ್ಕೆ ಹೊರತಲ್ಲ. ಅವರ ಕಾರಿನಲ್ಲಿ ಡೇಟಾ ಲಾಗರ್ ಎಂಬ ಪುಟ್ಟ ಪೆಟ್ಟಿಗೆ ಇರುತ್ತದೆ. ವೇಗ, ಎಂಜಿನ್ ಸುತ್ತು, ಬ್ರೇಕ್ ಒತ್ತಡ, ಆಯಿಲ್ ಒತ್ತಡ, ಸ್ಟೀರಿಂಗ್ ಕೋನ ಹೀಗೆ ಒಂದೊಂದು ಅಳತೆಗೂ ಅದರಲ್ಲಿ ಒಂದೊಂದು ಚಾನೆಲ್. ಓಟ ಮುಗಿದ ಮೇಲೆ ಲ್ಯಾಪ್‌ಟಾಪಿಗೆ ಇಳಿಸಿ ನೋಡಿದರೆ ಕೆಲವು ಚಾನೆಲ್ ಚಪ್ಪಟೆ ಗೆರೆ, ಕೆಲವು ಅಸಂಬದ್ಧ ಅಂಕಿ, ಕೆಲವಕ್ಕೆ ಹೆಸರೇ ಇಲ್ಲ. ಈ ಮೂರೂ ಬೇರೆ ಬೇರೆ ಕಾಯಿಲೆ. ಲಾಗಿಂಗ್ ತಂತ್ರ ಬೆಳೆದ ಚರಿತ್ರೆ ತಿಳಿದರೆ ಯಾವ ಕಾಯಿಲೆಗೆ ಎಲ್ಲಿ ಮದ್ದು ಎಂಬುದೂ ತಿಳಿಯುತ್ತದೆ. ತಂತ್ರ ಬದಲಾದಾಗಲೆಲ್ಲ ದೋಷ ಅಡಗುವ ಜಾಗವೂ ಬದಲಾಗಿದೆ: ಮೊದಲು ತಂತಿಯಲ್ಲಿತ್ತು, ಆಮೇಲೆ ಜಾಲಕ್ಕೆ ಬಂತು, ಈಗ ಬಹುಪಾಲು ಸೆಟ್ಟಿಂಗಿನಲ್ಲಿದೆ.

ಚಾಡಿ ಹೇಳುವ ಮುಳ್ಳು

ಕಂಪ್ಯೂಟರಿಗಿಂತ ಮೊದಲು ರೇಸ್ ಕಾರಿನ ದಾಖಲೆ ಒಂದೇ ಒಂದು ಮುಳ್ಳು. ಎಂಜಿನ್ ಸುತ್ತು ತೋರುವ ಟ್ಯಾಕೋಮೀಟರಿನಲ್ಲಿ ಎರಡನೆಯ ಮುಳ್ಳೊಂದನ್ನು ಇಡುತ್ತಿದ್ದರು. ಎಂಜಿನ್ ಮುಟ್ಟಿದ ಅತಿ ಹೆಚ್ಚಿನ ಸುತ್ತಿನ ಮೇಲೆ ಅದು ನಿಂತುಬಿಡುತ್ತಿತ್ತು. ಗೇರ್ ತಪ್ಪಿಸಿ ಎಂಜಿನ್ ಕೆಡಿಸಿಕೊಂಡ ಚಾಲಕ ‘ನಾನೇನೂ ಮಾಡಲಿಲ್ಲ’ ಎಂದರೆ ಮೆಕ್ಯಾನಿಕ್ ಆ ಮುಳ್ಳನ್ನು ತೋರಿಸುತ್ತಿದ್ದ.

1960ರ ದಶಕದಲ್ಲಿ ಅಮೆರಿಕದ ಫೋರ್ಡ್ ಕಂಪನಿ ಫ್ರಾನ್ಸಿನ ಲ ಮಾನ್ ಓಟ ಗೆಲ್ಲಲು ಹೊರಟಾಗ ಅಳತೆಗೆ ಹೊಸ ಕೆಲಸ ಬಂತು. ಟ್ರ್ಯಾಕಿನ ಸುತ್ತುಗಳಲ್ಲಿ ಎಂಜಿನ್ ಅನುಭವಿಸುವ ವೇಗ, ಗೇರ್ ಬದಲಾವಣೆಗಳನ್ನು ಪ್ರಯೋಗಾಲಯದ ಡೈನಮೋಮೀಟರ್ ಮೇಲೆ ಮರುಸೃಷ್ಟಿಸಿ, ಎಂಜಿನ್ ಎಷ್ಟು ಗಂಟೆ ಬಾಳುತ್ತದೆ ಎಂದು ಪರೀಕ್ಷಿಸಿದರು. 1966ರಲ್ಲಿ ಫೋರ್ಡ್ ಕಾರುಗಳು ಮೊದಲ ಮೂರೂ ಸ್ಥಾನ ಪಡೆದವು. ಅಳತೆ ಅಲ್ಲಿಯವರೆಗೆ ತಪ್ಪು ಹಿಡಿಯುವ ಸಾಧನವಾಗಿತ್ತು, ಅಲ್ಲಿಂದ ಮುಂದೆ ವಿನ್ಯಾಸದ ಸಾಧನವೂ ಆಯಿತು.

1980ರ ದಶಕದಲ್ಲಿ ಫಾರ್ಮುಲಾ ಒನ್ ಕಾರುಗಳು ಓಡುತ್ತಿದ್ದಂತೆಯೇ ರೇಡಿಯೊ ಮೂಲಕ ಪಿಟ್‌ಗೆ ಅಂಕಿ ಕಳಿಸತೊಡಗಿದವು. 1987ರಲ್ಲಿ ಅಯರ್ಟನ್ ಸೆನ್ನಾ ಮೊನಾಕೊ ಗೆದ್ದ ಲೋಟಸ್ 99ಟಿ ಕಾರಿನ ಸಸ್ಪೆನ್ಷನ್ ಅನ್ನೇ ಕಂಪ್ಯೂಟರ್ ನಡೆಸುತ್ತಿತ್ತು. ಅಂಥ ಕಾರಿನಲ್ಲಿ ಸೆನ್ಸರ್ ಕೈಕೊಟ್ಟರೆ ಹೋಗುವುದು ದಾಖಲೆಯಷ್ಟೇ ಅಲ್ಲ, ಕಾರಿನ ಹಿಡಿತವೂ ಹೋಗುತ್ತದೆ. ಅದೇ 1987ರಲ್ಲಿ ಆಸ್ಟ್ರೇಲಿಯಾದ ಮೋಟೆಕ್ ಕಂಪನಿ ಶುರುವಾಯಿತು. ಇಟಲಿಯ ಎಐಎಂ, ಬ್ರಿಟನ್ನಿನ ರೇಸ್‌ಲಾಜಿಕ್ ಮುಂತಾದವು ಸೇರಿ ಮುಂದಿನ ಎರಡು ದಶಕಗಳಲ್ಲಿ ದೊಡ್ಡ ತಂಡಗಳ ಈ ಲಾಗಿಂಗ್ ಸಲಕರಣೆಯನ್ನು ಹವ್ಯಾಸಿಗಳ ಕೈಗೆ ಮುಟ್ಟಿಸಿದವು.

ಐದು ವೋಲ್ಟಿನ ಕಾಲ

ಈ ಹಂತದ ಲಾಗರುಗಳಲ್ಲಿ ಪ್ರತಿ ಸೆನ್ಸರಿಗೂ ಪ್ರತ್ಯೇಕ ತಂತಿ. ಒತ್ತಡದ ಸೆನ್ಸರನ್ನೇ ನೋಡೋಣ. ಅದಕ್ಕೆ ಮೂರು ತಂತಿ: 5 ವೋಲ್ಟ್ ಪೂರೈಕೆ, ಅರ್ಥ್, ಸಿಗ್ನಲ್. ಒತ್ತಡ ಸೊನ್ನೆ ಇದ್ದಾಗ ಸಿಗ್ನಲ್ ಸೊನ್ನೆ ವೋಲ್ಟ್ ಇರುವುದಿಲ್ಲ, 0.5 ವೋಲ್ಟ್ ಇರುತ್ತದೆ. ಪೂರ್ಣ ಒತ್ತಡಕ್ಕೆ 4.5 ವೋಲ್ಟ್. ಕೆಳಗಿನ ಆ ಅರ್ಧ ವೋಲ್ಟನ್ನು ಬೇಕೆಂದೇ ಬಿಟ್ಟಿದ್ದಾರೆ. ತಂತಿ ತುಂಡಾಗಿ 0 ವೋಲ್ಟ್ ಬಂದರೆ, 10 ಬಾರ್ ಸೆನ್ಸರಿನ ಲೆಕ್ಕ ಮೈನಸ್ 1.25 ಬಾರ್ ಎಂದು ತೋರಿಸುತ್ತದೆ. ಲೋಕದಲ್ಲಿ ಇರಲಾರದ ಒತ್ತಡ ಅದು. ಚಾನೆಲ್ ಸೊನ್ನೆ ತೋರಿಸಿದರೆ ಆಯಿಲ್ ಒತ್ತಡ ಇಲ್ಲ, ಎಂಜಿನ್ ನಿಲ್ಲಿಸಬೇಕು. ಮೈನಸ್ ತೋರಿಸಿದರೆ ಪ್ಲಗ್ ನೋಡಬೇಕು.

ಇನ್ನೊಂದು ಗುರುತು: ಮೂರು-ನಾಲ್ಕು ಚಾನೆಲ್ ಒಟ್ಟಿಗೇ ಮಾಯವಾಗುವುದು. ಎಲ್ಲ ಸೆನ್ಸರೂ ಒಂದೇ ದಿನ ಸಾಯುವುದಿಲ್ಲ. ಅವುಗಳಿಗೆಲ್ಲ ಒಂದೇ 5 ವೋಲ್ಟ್ ಪೂರೈಕೆ ಇದ್ದು, ಯಾವುದೋ ಒಂದು ಸೆನ್ಸರ್ ಶಾರ್ಟ್ ಆಗಿ ಉಳಿದವನ್ನೂ ಎಳೆದುಕೊಂಡು ಬಿದ್ದಿರುತ್ತದೆ. ಒಂದೊಂದೇ ಪ್ಲಗ್ ಕಳಚುತ್ತ ಹೋಗಬೇಕು. ಯಾವುದನ್ನು ಕಳಚಿದಾಗ ಉಳಿದವು ಜೀವ ತಳೆಯುತ್ತವೋ ಅದೇ ಅಪರಾಧಿ. ಕಾರ್ಟ್‌ಗಳ ಎಕ್ಸಾಸ್ಟ್ ಉಷ್ಣತೆ ಅಳೆಯುವ ಥರ್ಮೊಕಪಲ್‌ನದು ಬೇರೆಯೇ ಕಥೆ. ಅದರ ಎರಡು ತಂತಿ ಅದಲುಬದಲಾದರೆ ಚಾನೆಲ್ ಮಾಯವಾಗುವುದಿಲ್ಲ, ಎಂಜಿನ್ ಕಾದಂತೆಲ್ಲ ಅಂಕಿ ಇಳಿಯುತ್ತ ಹೋಗುತ್ತದೆ.

ಎರಡು ತಂತಿಯ ಜಾಲ

ಕಾರಿನೊಳಗೆ ಎಲೆಕ್ಟ್ರಾನಿಕ್ಸ್ ಹೆಚ್ಚಿದಂತೆ ವೈರಿಂಗ್ ಕಟ್ಟು ತೋಳಿನಷ್ಟು ದಪ್ಪವಾಯಿತು. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಡೆಟ್ರಾಯಿಟ್‌ನಲ್ಲಿ ಕ್ಯಾನ್ ಬಸ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಹೆಣೆದ ಎರಡೇ ತಂತಿ, ಅವುಗಳ ಮೇಲೆ ಎಲ್ಲ ಕಂಪ್ಯೂಟರುಗಳ ಮಾತುಕತೆ. 1990ರ ದಶಕದ ಆರಂಭದಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿನಲ್ಲಿ ಅದು ರಸ್ತೆಗಿಳಿಯಿತು, 1993ರಲ್ಲಿ ಐಎಸ್‌ಒ 11898 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಬಾಷ್ ಕರ್ನಾಟಕಕ್ಕೆ ಹೊಸಬನಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, ಆಡುಗೋಡಿಯ ಕಾರ್ಖಾನೆಯಿಂದ ಡೀಸೆಲ್ ಪಂಪುಗಳನ್ನು ದೇಶಕ್ಕೆಲ್ಲ ಕೊಟ್ಟ ಮೈಕೋ ಕಂಪನಿಯೇ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿತು.

ಕ್ಯಾನ್ ಬಂದ ಮೇಲೆ ‘ಸೆನ್ಸರ್ ತಂತಿ’ ಹುಡುಕುವ ಪದ್ಧತಿ ಸಾಲದಾಯಿತು. ಜಾಲದ ಎರಡು ತುದಿಗೂ 120 ಓಮ್‌ನ ಒಂದೊಂದು ರೋಧಕ ಇರಬೇಕು. ಬ್ಯಾಟರಿ ಸಂಪರ್ಕ ತೆಗೆದು ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಇಟ್ಟರೆ 60 ಓಮ್ ತೋರಿಸಬೇಕು. 120 ತೋರಿಸಿದರೆ ಒಂದು ತುದಿಯ ರೋಧಕ ಇಲ್ಲ, ಅಥವಾ ನಡುವೆ ತಂತಿ ತುಂಡಾಗಿದೆ. 40 ತೋರಿಸಿದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ. ತನ್ನೊಳಗೇ ರೋಧಕ ಇರುವ ಲಾಗರನ್ನು ರೋಧಕಗಳು ಸರಿಯಾಗಿಯೇ ಇರುವ ಕಾರಿಗೆ ಜೋಡಿಸಿದಾಗ ಆಗುವುದು ಇದೇ. ಅಗ್ಗದ ಮೀಟರೊಂದರಿಂದ ಅರ್ಧ ನಿಮಿಷದಲ್ಲಿ ಮುಗಿಯುವ ಪರೀಕ್ಷೆ ಇದು.

ಮೀಟರಿಗೆ ಕಾಣದ ದೋಷಗಳೂ ಇವೆ. ಮೊದಲನೆಯದು ವೇಗ. ಕಾರುಗಳ ಮುಖ್ಯ ಜಾಲ ಸಾಮಾನ್ಯವಾಗಿ ಸೆಕೆಂಡಿಗೆ 5 ಲಕ್ಷ ಬಿಟ್ ಸಾಗಿಸುತ್ತದೆ. ಟ್ರಕ್ಕುಗಳ ಜೆ1939 ಪದ್ಧತಿಯಲ್ಲಿ ಹೆಚ್ಚಾಗಿ ಅದರ ಅರ್ಧ, ಸಂದೇಶದ ಗುರುತು ಸಂಖ್ಯೆಯೂ 29 ಬಿಟ್ ಉದ್ದ. ಕಾರಿಗೆ ಹೊಂದಿಸಿದ ಲಾಗರನ್ನು ಸಂಕೇಶ್ವರದ ಹೆದ್ದಾರಿಯಲ್ಲಿ ನಿಂತ ಲಾರಿಗೆ ಚುಚ್ಚಿದರೆ ಒಂದು ಚಾನೆಲೂ ಬಾರದಿರಲು ಇದೇ ಕಾರಣ ಇರಬಹುದು.

ಎರಡನೆಯದು ಇನ್ನೂ ಸೂಕ್ಷ್ಮ. ಕ್ಯಾನ್ ಜಾಲದಲ್ಲಿ ಕಳಿಸಿದ ಪ್ರತಿ ಸಂದೇಶಕ್ಕೂ ಕೇಳಿದವರು ಯಾರಾದರೂ ‘ಸಿಕ್ಕಿತು’ ಎನ್ನಲೇಬೇಕು. ಮೇಜಿನ ಮೇಲೆ ಒಂದು ಸೆನ್ಸರ್ ಪೆಟ್ಟಿಗೆ, ಒಂದು ಲಾಗರ್ ಎರಡನ್ನೇ ಜೋಡಿಸಿ, ಲಾಗರನ್ನು ಕೇಳುವ ಸ್ಥಿತಿಗೆ ಮಾತ್ರ ಇಟ್ಟರೆ ‘ಸಿಕ್ಕಿತು’ ಎನ್ನುವವರೇ ಇಲ್ಲ. ಸೆನ್ಸರ್ ಪೆಟ್ಟಿಗೆ ಮೊದಲ ಸಂದೇಶವನ್ನೇ ಮತ್ತೆ ಮತ್ತೆ ಕಳಿಸುತ್ತ ಕೂರುತ್ತದೆ. ತಂತಿ, ಸೆನ್ಸರ್, ಲಾಗರ್ ಮೂರೂ ನೆಟ್ಟಗಿದ್ದು ದಾಖಲೆ ಮಾತ್ರ ಖಾಲಿ.

ಆಕಾಶದಿಂದ ಒಂದು, ಡ್ಯಾಶ್ ಅಡಿಯಿಂದ ಒಂದು

ಹವ್ಯಾಸಿಗಳಿಗೆ ದೊಡ್ಡ ತಿರುವು ಬಂದದ್ದು 2000ದ ಮೇ ತಿಂಗಳಲ್ಲಿ. ಜಿಪಿಎಸ್ ಸಂಕೇತವನ್ನು ನಾಗರಿಕರಿಗೆ ಬೇಕೆಂದೇ ಕೆಡಿಸಿ ಕೊಡುತ್ತಿದ್ದುದನ್ನು ಅಮೆರಿಕ ನಿಲ್ಲಿಸಿತು. ಅಂದಿನವರೆಗೆ ನೂರು ಮೀಟರಿನಷ್ಟು ಆಚೀಚೆಯಾಗುತ್ತಿದ್ದ ಸ್ಥಾನ ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಟ್ರ್ಯಾಕಿನ ಬದಿಯಲ್ಲಿ ಬೀಕನ್ ನಿಲ್ಲಿಸದೆ ಲ್ಯಾಪ್ ಸಮಯ ಅಳೆಯುವುದು ಮುಂದಿನ ವರ್ಷಗಳಲ್ಲಿ ಸಾಮಾನ್ಯವಾಯಿತು. ಇಲ್ಲಿ ಕಾಣೆಯಾಗುವ ಚಾನೆಲ್‌ಗೆ ಕಾರಣ ಬಹಳ ಸಲ ಆಂಟೆನಾದ ಜಾಗ. ಲೋಹದ ಅಡಿಯಲ್ಲಿ ಸಿಕ್ಕಿಸಿದ ಆಂಟೆನಾಗೆ ಆಕಾಶ ಕಾಣುವುದಿಲ್ಲ.

ಡ್ಯಾಶ್‌ಬೋರ್ಡ್ ಅಡಿಯ ಒಬಿಡಿ ಸಾಕೆಟ್ ಎರಡನೆಯ ಮೂಲ. ಅಮೆರಿಕದಲ್ಲಿ 1996ರಿಂದ ಕಡ್ಡಾಯವಾದ ಒಬಿಡಿ-2 ಭಾರತಕ್ಕೆ 2013ರ ಏಪ್ರಿಲ್‌ನಲ್ಲಿ ಬಂತು, 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಅದನ್ನು ಇನ್ನಷ್ಟು ಬಿಗಿಮಾಡಿತು. ಆದರೆ ಆ ಸಾಕೆಟ್ ಇದ್ದದ್ದು ಹೊಗೆಯ ತಪಾಸಣೆಗೆ, ರೇಸಿಗಲ್ಲ. ಅಲ್ಲಿ ಕಾರು ತಾನಾಗಿ ಮಾತಾಡುವುದಿಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತದೆ. ಸೆಕೆಂಡಿಗೆ ಹತ್ತು ಉತ್ತರ ಬರುವ ಕಾರಿನಲ್ಲಿ ಹತ್ತು ಚಾನೆಲ್ ಕೇಳಿದರೆ ಒಂದೊಂದಕ್ಕೆ ಸೆಕೆಂಡಿಗೆ ಒಂದೇ ಉತ್ತರ. ಗಂಟೆಗೆ 150 ಕಿ.ಮೀ. ಓಡುವ ಕಾರು ಅಷ್ಟರಲ್ಲಿ 41 ಮೀಟರ್ ದಾಟಿರುತ್ತದೆ. ಬ್ರೇಕ್ ಒತ್ತಡ, ಸ್ಟೀರಿಂಗ್ ಕೋನ ಒಬಿಡಿಯಲ್ಲಿ ಕಡ್ಡಾಯವಾದ ಅಳತೆಗಳ ಪಟ್ಟಿಯಲ್ಲೇ ಇಲ್ಲ. ಅವು ಬೇಕಿದ್ದರೆ ಕಾರಿನ ಒಳಜಾಲದಲ್ಲಿ ಯಾವ ಸಂಖ್ಯೆಯ ಸಂದೇಶದ ಎಷ್ಟನೆಯ ಬೈಟಿನಲ್ಲಿವೆ ಎಂದು ಗೊತ್ತಿರಬೇಕು. ಮಾದರಿ ಬದಲಾದರೆ ಆ ಸಂಖ್ಯೆಯೂ ಬದಲಾಗಬಹುದು. ಇತ್ತೀಚಿನ ಕೆಲವು ಕಾರುಗಳಲ್ಲಿ ಸಾಕೆಟ್ಟಿಗೂ ಒಳಜಾಲಕ್ಕೂ ನಡುವೆ ಕಾವಲಿನ ಪೆಟ್ಟಿಗೆಯೊಂದಿದೆ, ಅಪರಿಚಿತರ ಪ್ರಶ್ನೆಯನ್ನು ಅದು ಒಳಗೇ ಬಿಡುವುದಿಲ್ಲ.

ಕರ್ನಾಟಕದ ದಾರಿ

ಕರ್ನಾಟಕದಲ್ಲಿ ಈ ವಿದ್ಯೆ ಬೆಳೆದದ್ದು ರೇಸ್ ಟ್ರ್ಯಾಕಿಗಿಂತ ಹೆಚ್ಚಾಗಿ ವಿದ್ಯುತ್ ವಾಹನಗಳಲ್ಲಿ. ಬೆಂಗಳೂರಿನ ಚೇತನ್ ಮೈನಿ ವಿದ್ಯಾರ್ಥಿಯಾಗಿದ್ದಾಗ ಮಿಷಿಗನ್ ವಿಶ್ವವಿದ್ಯಾಲಯದ ಸೌರ ಕಾರು ತಂಡದಲ್ಲಿದ್ದರು. ಆ ತಂಡ 1990ರಲ್ಲಿ ಅಮೆರಿಕದ ಸನ್‌ರೇಸ್ ಗೆದ್ದು, ಆಸ್ಟ್ರೇಲಿಯಾದ ಸೌರ ಕಾರು ಓಟದಲ್ಲಿ ಮೂರನೆಯದಾಯಿತು. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂಬ ಒಂದು ಚಾನೆಲ್ ತಪ್ಪಿದರೂ ಸೌರ ಕಾರು ನಡುದಾರಿಯಲ್ಲಿ ನಿಲ್ಲಬಹುದು. 2001ರಲ್ಲಿ ಮಾರುಕಟ್ಟೆಗೆ ಬಂದ ಅವರ ರೇವಾ ಕಾರಿನ ಬ್ಯಾಟರಿಯನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತಿತ್ತು. 2009ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ರೇವಾ ತೋರಿಸಿದ ಯೋಜನೆ ಇನ್ನೂ ಮುಂದಿನದು: ಚಾರ್ಜ್ ಮುಗಿದು ನಿಂತವರು ಫೋನ್ ಮಾಡಿದರೆ ಕಾದಿರಿಸಿದ ಚಾರ್ಜನ್ನು ಕಂಪನಿ ದೂರದಿಂದಲೇ ಬಿಡುಗಡೆ ಮಾಡುವುದು. 2018ರಲ್ಲಿ ಬೆಂಗಳೂರಿನಲ್ಲೇ ಮಾರಾಟಕ್ಕೆ ಬಂದ ಏಥರ್ 450 ಸ್ಕೂಟರ್ ಸಿಮ್ ಕಾರ್ಡ್ ಹೊತ್ತು ತಿರುಗುವ ಲಾಗರೇ ಆಗಿದೆ.

ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪಾಲೂ ಇದೆ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಿಂದ ತಾನೇ ವಿನ್ಯಾಸ ಮಾಡಿದ ಕಾರುಗಳನ್ನು ಸ್ಪರ್ಧೆಗೆ ಒಯ್ಯುತ್ತಿದೆ. ಅಂಥ ಕಾರುಗಳಲ್ಲಿ ವೈರಿಂಗ್ ಹೊಲಿಯುವವರೂ ಡೇಟಾ ಓದುವವರೂ ಅದೇ ಹುಡುಗರು, ಹುಡುಗಿಯರು. ವಿದ್ಯಾರ್ಥಿಗಳ ಫಾರ್ಮುಲಾ ಭಾರತ್ ಸ್ಪರ್ಧೆ ನಡೆಯುವ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಹುಕ್ಕೇರಿಯಿಂದ ಬಹು ದೂರ. ಅದಕ್ಕಿಂತ ಹತ್ತಿರದ್ದು ನಿಪ್ಪಾಣಿ ದಾಟಿದರೆ ಸಿಗುವ ಕೊಲ್ಲಾಪುರದ ಕಾರ್ಟಿಂಗ್ ಟ್ರ್ಯಾಕು.

ಹುಕ್ಕೇರಿಗೆ ಈ ವಿಷಯ ತಾಗುವುದು ರೇಸಿನಿಂದಲೇ ಅಲ್ಲ. 2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೂ ಹೊಸ ಹೊಗೆ ನಿಯಮ ಬಂದು ಅವುಗಳ ಎಂಜಿನ್ನಿಗೆ ಎಲೆಕ್ಟ್ರಾನಿಕ್ಸ್ ಸೇರಿತು. ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬು ಹೊತ್ತು ನಿಲ್ಲುವ ಸಾಲಿನಲ್ಲಿ ಅಂಥವು ಹೆಚ್ಚಿದಷ್ಟೂ ರೇಸ್ ಕಾರಿನ ಸೆನ್ಸರ್ ಸಮಸ್ಯೆ ಇಲ್ಲಿನ ಫಿಟ್ಟರನ ಸಮಸ್ಯೆಯಾಗುತ್ತದೆ. ದೂಳು, ಕೆಸರು, ಕಬ್ಬಿನ ಸಿಪ್ಪೆ, ಇಲಿ ಕಡಿತ ರೇಸ್ ಟ್ರ್ಯಾಕಿಗಿಂತ ಇಲ್ಲಿ ಹೆಚ್ಚು.

ಹುಡುಕುವ ಕ್ರಮ

ಅರ್ಧ ಶತಮಾನಕ್ಕೂ ಮಿಕ್ಕಿದ ಈ ಬೆಳವಣಿಗೆ ಕಲಿಸಿದ ಕ್ರಮ ಇಷ್ಟು. ಮೊದಲು ಬ್ಯಾಟರಿ ಮತ್ತು ಅರ್ಥ್: ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ ಕುಸಿದು ಲಾಗರ್ ಆರಿಹೋಗುತ್ತಿದೆಯೇ? ಬಳಿಕ ಎಷ್ಟು ಚಾನೆಲ್ ಹೋಗಿವೆ ಎಂಬ ಎಣಿಕೆ: ಒಂದಾದರೆ ಅದರ ಪ್ಲಗ್, ಕೆಲವಾದರೆ ಹಂಚಿಕೊಂಡ 5 ವೋಲ್ಟ್, ಎಲ್ಲವೂ ಆದರೆ ಜಾಲದ 60 ಓಮ್ ಮತ್ತು ವೇಗ. ಆಮೇಲೆ ಸೆಟ್ಟಿಂಗ್: ಚಾನೆಲ್‌ಗೆ ಹೆಸರು, ಸಂದೇಶ ಸಂಖ್ಯೆ, ಲೆಕ್ಕದ ಸೂತ್ರ ಸರಿಯಾಗಿ ಕೊಟ್ಟಿದೆಯೇ, ಸಾಫ್ಟ್‌ವೇರ್ ಹೊಸದಾದಾಗ ಹಳೆಯ ಸೆಟ್ಟಿಂಗ್ ಅಳಿಸಿಹೋಯಿತೇ? ಇವೆಲ್ಲ ಸರಿ ಇದ್ದರೆ ಮಾತ್ರ ಸೆನ್ಸರಿನ ಸರದಿ. ಅದೂ ಇನ್ನೊಂದು ಕಾರಿನ ಅದೇ ಸೆನ್ಸರನ್ನು ಹಾಕಿ ನೋಡಿದ ಮೇಲೆ.

ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದಲ್ಲಿ ಐಟಿಐ, ಡಿಪ್ಲೊಮಾ ಓದುವ ಹುಡುಗರು ನಾಳೆ ಇದೇ ಗ್ಯಾರೇಜುಗಳಿಗೆ ಬರುವವರು. ಎಂಜಿನ್ ಬಿಚ್ಚುವುದನ್ನು ಅವರಿಗೆ ಕಲಿಸಿದಷ್ಟೇ ಶ್ರದ್ಧೆಯಿಂದ ಮಲ್ಟಿಮೀಟರ್ ಹಿಡಿದು ಕ್ಯಾನ್ ಜಾಲ ಪರೀಕ್ಷಿಸುವುದನ್ನೂ ಕಲಿಸಬೇಕು. ವಾಹನದ ಮಾಲೀಕರು ಮಾಡಬಹುದಾದದ್ದೂ ಒಂದಿದೆ: ಮೀಟರ್ ಹಚ್ಚಿ ನೋಡದೆ ಸೆನ್ಸರ್ ಬದಲಿಸಲು ಹೊರಟವರಿಗೆ ಮೊದಲು ತಂತಿ ನೋಡಲು ಹೇಳಿ.