ಗ್ರೀಸ್‌ನ ಅಗ್ಗದ ‘ಯೀರೊ’ ಅಂಗಡಿ: ಗ್ರಾಹಕರು ಹೊಗಳೋದು ಯಾಕೆ, ಬೈಯೋದು ಯಾಕೆ? ಇಲ್ಲಿದೆ ಪೂರ್ತಿ ಮಾಹಿತಿ

ಅಂಗಡಿ ಒಂದೇ, ಅಭಿಪ್ರಾಯ ಮಾತ್ರ ಹತ್ತು. ‘ಈ ರೇಟಿಗೆ ಇಂಥ ಊಟ ಎಲ್ಲೂ ಸಿಗಲ್ಲ’ ಅಂತಾರೆ ಒಬ್ಬರು. ‘ಮಾಂಸ ಚರ್ಮದ ಥರ ಒಣಗಿತ್ತು’ ಅಂತಾರೆ ಇನ್ನೊಬ್ಬರು. ‘ಸರಿಯಾಗಿ ಬೆಂದೇ ಇರಲಿಲ್ಲ’ ಅನ್ನೋದು ಮೂರನೆಯವರ ದೂರು. ಗ್ರೀಸ್‌ನ ಬೀದಿ ಬದಿಯ ಯೀರೊ ಅಂಗಡಿಗಳ ಬಗ್ಗೆ ಗ್ರಾಹಕರ ಮಾತು ಸಾಮಾನ್ಯವಾಗಿ ಹೀಗೇ ಇರುತ್ತೆ. ಹಾಗಾದ್ರೆ ಯಾರ ಮಾತು ನಂಬಬೇಕು?

ಸ್ವಾರಸ್ಯ ಏನಂದ್ರೆ, ಮೂವರ ಮಾತೂ ನಿಜ ಆಗಿರಬಹುದು. ಯಾಕೆ ಅಂತ ತಿಳಿಯಬೇಕಾದ್ರೆ ಈ ತಿಂಡಿ ತಯಾರಾಗೋ ರೀತಿ ಗೊತ್ತಿರಬೇಕು. ಕೆಲಸಕ್ಕೋ ಓದಿಗೋ ಯುರೋಪ್, ಅಮೆರಿಕಕ್ಕೆ ಹೋಗೋ ನಮ್ಮವರಿಗೆ ಇದು ಉಪಯೋಗಕ್ಕೆ ಬರುತ್ತೆ. ಊರಲ್ಲೇ ಶವರ್ಮಾ ತಿನ್ನೋರಿಗೂ ಬರುತ್ತೆ. ಯಾಕಂದ್ರೆ ಎರಡೂ ಒಂದೇ ಮನೆತನದ ತಿಂಡಿಗಳು.

ಏನಿದು ಯೀರೊ?

ಇಂಗ್ಲಿಷ್ ಅಕ್ಷರ ನೋಡಿ ಬಹಳ ಮಂದಿ ‘ಗೈರೊ’ ಅಂತ ಓದ್ತಾರೆ. ಗ್ರೀಕರು ಹೇಳೋದು ‘ಯೀರೊಸ್’. ಅರ್ಥ ಸುತ್ತು, ತಿರುಗುವುದು. ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಸಲಾಕೆಗೆ ಮಸಾಲೆ ಹಚ್ಚಿದ ಮಾಂಸದ ಹೋಳುಗಳನ್ನು ಒಂದರ ಮೇಲೊಂದು ಪೇರಿಸಿ, ಪಕ್ಕದಲ್ಲಿ ಬೆಂಕಿ ಇಟ್ಟು ತಿರುಗಿಸ್ತಾರೆ. ಹೊರಗಿನ ಪದರ ಬೆಂದಂತೆ ಅದನ್ನು ತೆಳ್ಳಗೆ ಹೆರೆದು, ಎಣ್ಣೆ ಸವರಿ ಬಿಸಿ ಮಾಡಿದ ಪೀಟಾ ರೊಟ್ಟಿಯಲ್ಲಿ ಹಾಕ್ತಾರೆ. ಜೊತೆಗೆ ಟೊಮ್ಯಾಟೊ, ಈರುಳ್ಳಿ, ಆಲೂಗಡ್ಡೆ ಫ್ರೈ, ಮೇಲೆ ‘ಜಾಜೀಕಿ’. ಗಟ್ಟಿ ಮೊಸರು, ಸೌತೆಕಾಯಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಸೇರಿಸಿ ಮಾಡೋ ಈ ಜಾಜೀಕಿಯನ್ನು ಸೌತೆಕಾಯಿ ಮೊಸರು ಪಚಡಿಯ ದೂರದ ನೆಂಟ ಅನ್ನಬಹುದು. ಎಲ್ಲಾ ಸೇರಿಸಿ ಕಾಗದದಲ್ಲಿ ಸುತ್ತಿ ಕೈಗೆ ಕೊಟ್ರೆ ಮುಗೀತು. ಚಮಚ, ತಟ್ಟೆ ಏನೂ ಬೇಡ.

ಇದರ ಮೂಲ ಟರ್ಕಿಯ ಡೋನರ್ ಕಬಾಬ್. ಡೋನರ್ ಅಂದ್ರೂ ‘ತಿರುಗುವ’ ಅಂತಲೇ ಅರ್ಥ. ಅರಬ್ಬರ ಶವರ್ಮಾ ಕೂಡ ಇದೇ ಬಳ್ಳಿಯ ಕಾಯಿ, ಆ ಹೆಸರೂ ‘ತಿರುಗಿಸುವುದು’ ಅನ್ನೋ ಅರ್ಥದ ಟರ್ಕಿ ಪದದಿಂದಲೇ ಬಂದದ್ದು. 1922ರ ಯುದ್ಧದ ಸೋಲು, 1923ರ ಜನವಿನಿಮಯ ಒಪ್ಪಂದದ ಹೊತ್ತಿಗೆ ಸುಮಾರು 12 ಲಕ್ಷ ಗ್ರೀಕ್ ಕ್ರೈಸ್ತರು ಟರ್ಕಿ ಕಡೆಯ ನೆಲ ಬಿಟ್ಟು ನಿರಾಶ್ರಿತರಾಗಿ ಗ್ರೀಸ್‌ಗೆ ಬಂದರು. ಅವರ ಜೊತೆ ಅಡುಗೆಯೂ ಬಂತು. ಬಹಳ ಕಾಲ ಗ್ರೀಸ್‌ನಲ್ಲೂ ಇದಕ್ಕೆ ಡೋನರ್ ಅಂತಲೇ ಹೆಸರಿತ್ತು. 1970ರ ದಶಕದಲ್ಲಿ, ಸೈಪ್ರಸ್ ವಿಚಾರಕ್ಕೆ ಎರಡೂ ದೇಶಗಳ ಸಂಬಂಧ ಹದಗೆಟ್ಟ ಕಾಲದಲ್ಲಿ, ಗ್ರೀಕ್ ಹೆಸರಾದ ‘ಯೀರೊಸ್’ ಗಟ್ಟಿಯಾಯ್ತು.

ಹೊಗಳಿಕೆ ಯಾವುದಕ್ಕೆ?

ಇಂಥ ಅಂಗಡಿಗೆ ಬರೋ ಗ್ರಾಹಕರು ದೊಡ್ಡ ಹೋಟೆಲ್‌ನ ಸೌಕರ್ಯ ಕೇಳಲ್ಲ. ಅವರ ಮೆಚ್ಚುಗೆ ಮಾತಲ್ಲಿ ಪದೇ ಪದೇ ಬರೋದು ನಾಲ್ಕು ವಿಷಯ.

ಮೊದಲನೇದು ರೇಟ್. ಅಥೆನ್ಸ್‌ನಲ್ಲಿ ಈಚಿನ ವರ್ಷಗಳಲ್ಲಿ ಒಂದು ಪೀಟಾ ಯೀರೊಗೆ ಸಾಮಾನ್ಯವಾಗಿ 4ರಿಂದ 5 ಯೂರೊ. ನಮ್ಮ ಲೆಕ್ಕದಲ್ಲಿ 400-500 ರೂಪಾಯಿ ಆಸುಪಾಸು. ನಮಗೆ ಜಾಸ್ತಿ ಅನ್ನಿಸಬಹುದು, ಆದರೆ ಅಲ್ಲಿ ಹೊಟ್ಟೆ ತುಂಬೋ ಊಟಗಳಲ್ಲಿ ಇದೇ ಅಗ್ಗ. ಹತ್ತು-ಹನ್ನೆರಡು ವರ್ಷದ ಹಿಂದೆ, ಸಾಲದ ಬಿಕ್ಕಟ್ಟಲ್ಲಿ ಸಂಬಳ, ಪಿಂಚಣಿ ಎಲ್ಲಾ ಕಡಿತವಾದಾಗ, 2 ಯೂರೊ ಸುಮಾರಿಗೆ ಸಿಗ್ತಿದ್ದ ಇದೇ ತಿಂಡಿ ಎಷ್ಟೋ ಮಂದಿಯ ಹೊಟ್ಟೆ ತುಂಬಿಸಿತ್ತು. ಹಾಗಾಗಿ ರೇಟ್ ಏರಿದ್ರೆ ಗ್ರೀಕರಿಗೆ ಬೇಜಾರು ಜಾಸ್ತಿ. ಟೀ-ಕಾಫಿ ರೇಟ್ ಏರಿದಾಗ ನಮ್ಮೂರಲ್ಲಿ ಆಗೋ ಚರ್ಚೆ ಥರಾನೇ.

ಎರಡನೇದು ಪೀಟಾ. ಹೊರಗೆ ಸ್ವಲ್ಪ ಗರಿ, ಒಳಗೆ ಮೆತ್ತಗೆ ಇರಬೇಕು. ತಣ್ಣಗಿನ ರೊಟ್ಟಿಗೆ ಸುತ್ತಿ ಕೊಟ್ರೆ ಎಷ್ಟೇ ಒಳ್ಳೆ ಮಾಂಸ ಇದ್ರೂ ಗ್ರಾಹಕ ಕ್ಷಮಿಸಲ್ಲ.

ಮೂರನೇದು ವೇಗ. ಆರ್ಡರ್ ಹೇಳಿ ಕೆಲವೇ ನಿಮಿಷದಲ್ಲಿ ಕೈಗೆ ಬರಬೇಕು.

ನಾಲ್ಕನೇದು ಸಿಬ್ಬಂದಿ. ಸಾಲು ಉದ್ದ ಇದ್ರೂ ನಗುಮುಖದಲ್ಲಿ ‘ಈರುಳ್ಳಿ ಬೇಕಾ, ಬೇಡ್ವಾ’ ಅಂತ ಕೇಳಿದ್ರೆ ಸಾಕು, ಕುರ್ಚಿ ಇಲ್ಲ, ಫ್ಯಾನ್ ಇಲ್ಲ ಅನ್ನೋದೆಲ್ಲಾ ಜನ ಮರೀತಾರೆ.

ಒಬ್ಬರಿಗೆ ‘ಒಣ’, ಇನ್ನೊಬ್ಬರಿಗೆ ‘ಹಸಿ’ - ಹೇಗೆ?

ಮುಖ್ಯ ವಿಷಯ ಇರೋದು ಇಲ್ಲೇ. ಯೀರೊ ಸಲಾಕೆ ಒಂದು ಗಡಿಯಾರ ಇದ್ದ ಹಾಗೆ. ಬೇಯೋದು ಹೊರ ಪದರ ಮಾತ್ರ, ಒಳಗಿನದು ಹಸಿ. ಹೊರಗಿನದು ಹೆರೆದ ಮೇಲೆ ಒಳಗಿನ ಪದರ ಬೆಂಕಿಗೆ ಮುಖ ಕೊಡುತ್ತೆ. ಅದು ಬೇಯೋಕೆ ಟೈಮ್ ಬೇಕು.

ಗಿರಾಕಿಗಳು ಹದವಾಗಿ ಬರ್ತಿದ್ರೆ ಬೇಯೋ ವೇಗ, ಮಾರಾಟದ ವೇಗ ಎರಡೂ ಹೊಂದಿಕೊಳ್ಳುತ್ತೆ. ಆಗ ಸಿಗೋದು ಹೊರಗೆ ಗರಿಗರಿ, ಒಳಗೆ ರಸ ಇರೋ ಮಾಂಸ. ಗಿರಾಕಿ ಇಲ್ಲದ ಹೊತ್ತಲ್ಲಿ ಹೊರಪದರ ಬೆಂಕಿ ಮುಂದೆ ಸುಮ್ಮನೆ ತಿರುಗುತ್ತಾ ಒಣಗುತ್ತೆ. ಇಲ್ಲಾ ಅಂದ್ರೆ ಮೊದಲೇ ಹೆರೆದು ಟ್ರೇನಲ್ಲಿ ಇಟ್ಟದ್ದು ಸಿಗುತ್ತೆ. ಏಕಾಏಕಿ ಜನ ನುಗ್ಗಿದಾಗ ಇದರ ಉಲ್ಟಾ. ಅವಸರಕ್ಕೆ ಚಾಕು ಆಳಕ್ಕೆ ಇಳಿಯುತ್ತೆ, ಅರೆಬೆಂದ ತುಂಡು ರೊಟ್ಟಿಗೆ ಬೀಳುತ್ತೆ.

ಅಂದ್ರೆ ಮಧ್ಯಾಹ್ನ 4 ಗಂಟೆಗೆ ಹೋದವರಿಗೆ ‘ಒಣ’, ರಾತ್ರಿ 9ಕ್ಕೆ ಹೋದವರಿಗೆ ‘ಸೂಪರ್’, ಬಸ್ಸು ತುಂಬಾ ಪ್ರವಾಸಿಗರ ಹಿಂದೆ ನಿಂತವರಿಗೆ ‘ಹಸಿ’. ಅಂಗಡಿ ಒಂದೇ, ಅಡುಗೆಯವನೂ ಒಬ್ಬನೇ. ಹಾಗಾಗಿ ಯಾರಾದ್ರೂ ಇಂಥ ಅಂಗಡಿ ಬಗ್ಗೆ ಹೇಳಿದ್ರೆ ಮೊದಲು ಕೇಳಬೇಕಾದ ಪ್ರಶ್ನೆ: ‘ನೀವು ಹೋದದ್ದು ಎಷ್ಟು ಗಂಟೆಗೆ?’ ಬರೀ ಸ್ಟಾರ್ ಎಣಿಸಿದ್ರೆ ಈ ಉತ್ತರ ಸಿಗಲ್ಲ.

ಬಿಲ್ ನೋಡಿ ಬೇಸ್ತು ಬೀಳೋರು

ಪ್ರವಾಸಿಗರ ದೊಡ್ಡ ದೂರು ರುಚಿಯದ್ದಲ್ಲ, ಬಿಲ್‌ದು. ಅಥೆನ್ಸ್‌ನ ಮೊನಾಸ್ತಿರಾಕಿ ಚೌಕದಂಥ ಜನಜಂಗುಳಿ ಜಾಗದಲ್ಲಿ ಕೂತು ‘ಒಂದು ಯೀರೊ’ ಅಂದ್ರೆ ತಟ್ಟೆ ತುಂಬಾ ಮಾಂಸ, ಫ್ರೈ, ಪೀಟಾ ಬರಬಹುದು. ಇದಕ್ಕೆ ‘ಮೆರೀದಾ’ ಅಂತಾರೆ, ಅಂದ್ರೆ ಪೋರ್ಶನ್. ರೇಟ್ ಪೀಟಾಗಿಂತ ಎರಡು ಮೂರು ಪಟ್ಟು. ಕೈಯಲ್ಲಿ ಹಿಡ್ಕೊಂಡು ತಿನ್ನೋದು ಬೇಕಿದ್ರೆ ‘ಪೀಟಾ ಯೀರೊ’ ಅಂತ ಬಿಡಿಸಿ ಹೇಳಬೇಕು. ಕೆಲವು ಕಡೆ ಪಾರ್ಸೆಲ್‌ಗೆ ಒಂದು ರೇಟ್, ಕೂತು ತಿಂದ್ರೆ ಇನ್ನೊಂದು. ಮೆನುವಲ್ಲಿ ಎರಡೂ ಇದೆಯಾ ಅಂತ ಮೊದಲೇ ನೋಡ್ಕೊಳ್ಳಿ.

ಇನ್ನೊಂದು ವಿಷಯ. ರಸೀದಿ ಕೊಡದಿದ್ರೆ ಗ್ರಾಹಕ ಹಣ ಕೊಡಬೇಕಾಗಿಲ್ಲ ಅನ್ನೋ ಸೂಚನೆಯನ್ನು ಗ್ರೀಸ್‌ನ ಹೋಟೆಲ್‌ಗಳು ಕಡ್ಡಾಯವಾಗಿ ಹಾಕಬೇಕು. ಮೆನುವಿನ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ ಇದು. ಹಾಗಾಗಿ ಬಿಲ್ ಕೇಳೋಕೆ ಸಂಕೋಚ ಬೇಡ.

ಹೆಸರಿನ ಗೊಂದಲವೂ ಇದೆ. ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸದ ತುಂಡುಗಳಿಗೆ ಅಥೆನ್ಸ್‌ನವರು ‘ಕಲಮಾಕಿ’ ಅಂತಾರೆ, ಥೆಸಲೋನಿಕಿಯವರು ‘ಸುವ್ಲಾಕಿ’ ಅಂತಾರೆ. ಅಥೆನ್ಸ್‌ನಲ್ಲಿ ‘ಸುವ್ಲಾಕಿ’ ಅಂದ್ರೆ ಪೀಟಾದಲ್ಲಿ ಸುತ್ತಿದ್ದು ಅಂತಲೂ ಅರ್ಥ. ‘ನಾನು ಕೇಳಿದ್ದೇ ಒಂದು, ಕೊಟ್ಟಿದ್ದೇ ಒಂದು’ ಅನ್ನೋ ಎಷ್ಟೋ ದೂರಿನ ಹಿಂದೆ ಈ ಜಗಳ ಇರುತ್ತೆ.

ಯಾವ ಮಾಂಸ? ಕೇಳದೆ ತಿನ್ನಬೇಡಿ

ನಮ್ಮವರು ಗಮನ ಕೊಡಲೇಬೇಕಾದ ಭಾಗ ಇದು. ಯೀರೊ ಅನ್ನೋ ಹೆಸರು ಒಂದೇ, ಮಾಂಸ ದೇಶಕ್ಕೊಂದು.

ಗ್ರೀಸ್‌ನಲ್ಲಿ ಸುಮ್ಮನೆ ‘ಯೀರೊ’ ಅಂದ್ರೆ ಬಹುಪಾಲು ಹಂದಿ ಮಾಂಸ. ಚಿಕನ್ ಬೇಕಿದ್ರೆ ‘ಕೊತೋಪುಲೊ’ ಅಂತ ಕೇಳಬೇಕು. ‘ಹಿರಿನೊ’ ಅಂದ್ರೆ ಹಂದಿ ಅಂತ ನೆನಪಿರಲಿ. ಅಮೆರಿಕದ ಕಥೆ ಬೇರೆ. 1970ರ ದಶಕದಲ್ಲಿ ಶಿಕಾಗೊದ ಗ್ರೀಕ್ ಮೂಲದ ಉದ್ಯಮಿಗಳು ಮಾಂಸವನ್ನು ಅರೆದು, ಮಸಾಲೆ ಸೇರಿಸಿ, ಒತ್ತಿದ ದೊಡ್ಡ ಶಂಕುಗಳನ್ನು ಕಾರ್ಖಾನೆಯಲ್ಲೇ ಮಾಡಿ ಹೋಟೆಲ್‌ಗಳಿಗೆ ಮಾರೋಕೆ ಶುರು ಮಾಡಿದರು. ಕ್ರೋನೋಸ್ ಇದರಲ್ಲಿ ದೊಡ್ಡ ಹೆಸರು. ಅದರಲ್ಲಿ ಸಾಮಾನ್ಯವಾಗಿ ಇರೋದು ದನದ ಮತ್ತು ಕುರಿಮರಿ ಮಾಂಸದ ಮಿಶ್ರಣ. ‘ಲ್ಯಾಂಬ್’ ಅಂತ ಬೋರ್ಡ್ ನೋಡಿ ಬರೀ ಕುರಿ ಅಂದ್ಕೊಂಡು ತಿಂದವರು ಆಮೇಲೆ ಸಂಕಟ ಪಟ್ಟುಕೊಳ್ಳೋದು ಇಲ್ಲೇ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಇದೇ ತಿಂಡಿ ‘ಯೀರೊಸ್’ ಹೆಸರಲ್ಲಿ ಕುರಿ, ಚಿಕನ್‌ನಲ್ಲಿ ಸಿಗುತ್ತೆ.

ಗ್ರೀಸ್ ನೋಡಿ ಬಂದವರು ಅಮೆರಿಕದ ಅಂಗಡಿಗೆ ‘ಇದು ಅಸಲಿ ಅಲ್ಲ’ ಅಂತ ಕಮ್ಮಿ ಅಂಕ ಕೊಡ್ತಾರೆ. ಅಮೆರಿಕದವರು ಅಥೆನ್ಸ್‌ಗೆ ಹೋಗಿ ‘ಕುರಿ ಮಾಂಸವೇ ಇಲ್ಲ’ ಅಂತ ದೂರ್ತಾರೆ. ಇಬ್ಬರದ್ದೂ ಅಂಗಡಿಯ ತಪ್ಪಲ್ಲ, ನಿರೀಕ್ಷೆಯ ಲೆಕ್ಕ ತಪ್ಪಿದ್ದು. ಆದರೆ ಧರ್ಮ, ಮನೆತನದ ಪದ್ಧತಿ ಅಂತ ಕೆಲವು ಮಾಂಸ ಮುಟ್ಟದವರಿಗೆ ಇದು ಬರೀ ರುಚಿಯ ವಿಷಯ ಅಲ್ಲ. ಬಾಯಿಬಿಟ್ಟು ಕೇಳಿ, ಅನುಮಾನ ಇದ್ರೆ ಬಿಡಿ.

ಸಸ್ಯಾಹಾರಿಗಳೂ ನಿರಾಶರಾಗಬೇಕಿಲ್ಲ. ‘ಹೊರೀಸ್ ಕ್ರೇಯಾಸ್’, ಅಂದ್ರೆ ಮಾಂಸ ಇಲ್ಲದೆ ಅಂತ ಹೇಳಿದ್ರೆ ಫ್ರೈ, ಟೊಮ್ಯಾಟೊ, ಈರುಳ್ಳಿ, ಜಾಜೀಕಿ ಹಾಕಿ ಸುತ್ತಿ ಕೊಡ್ತಾರೆ, ರೇಟೂ ಕಮ್ಮಿ. ಆದರೆ ಒಂದೇ ಕಲ್ಲು, ಒಂದೇ ಇಕ್ಕಳ ಬಳಸೋ ಸಾಧ್ಯತೆ ಇದೆ. ಅದು ಆಗಲ್ಲ ಅನ್ನೋರು ಮೊದಲೇ ವಿಚಾರಿಸೋದು ಒಳ್ಳೇದು.

ಆರೋಗ್ಯದ ಪ್ರಶ್ನೆ: ನಮ್ಮ ಊರಿಗೂ ಪಾಠ

‘ರುಚಿ ಇತ್ತು’ ಅನ್ನೋದು ‘ಸುರಕ್ಷಿತ ಇತ್ತು’ ಅನ್ನೋದಕ್ಕೆ ಸಾಕ್ಷಿ ಅಲ್ಲ. ಅರೆಬೆಂದ ಕೋಳಿ ಮಾಂಸದಿಂದ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಬರಬಹುದು. ಕೋಳಿ ಮಾಂಸದ ಒಳಭಾಗದ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಅನ್ನೋದು ತಜ್ಞರ ಅಳತೆ. ಹೆರೆದ ಮಾಂಸವನ್ನು ಗಂಟೆಗಟ್ಟಲೆ ಬೆಚ್ಚಗೆ ಮಾತ್ರ ಇಡೋದೂ ಅಪಾಯ.

ಪಕ್ಕದ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ 2022ರ ಮೇ ತಿಂಗಳಲ್ಲಿ ಶವರ್ಮಾ ತಿಂದ ವಿದ್ಯಾರ್ಥಿನಿಯೊಬ್ಬಳು ಪ್ರಾಣ ಕಳ್ಕೊಂಡಿದ್ದು, ಹಲವರು ಆಸ್ಪತ್ರೆ ಸೇರಿದ್ದು ನಮ್ಮವರಿಗೆ ನೆನಪಿರಬಹುದು. ಶಿಗೆಲ್ಲಾ ಬ್ಯಾಕ್ಟೀರಿಯಾ ಇದ್ದದ್ದು ಪರೀಕ್ಷೆಯಲ್ಲಿ ಗೊತ್ತಾಯ್ತು. ಹಸಿ ಮೊಟ್ಟೆಯ ಮಯೋನೀಸ್‌ಗೆ ಕೇರಳ ಸರ್ಕಾರ 2023ರ ಜನವರಿಯಲ್ಲಿ ನಿಷೇಧ ಹಾಕಿತು. ಕರ್ನಾಟಕದಲ್ಲಿ 2024ರಲ್ಲಿ ಕಬಾಬ್‌ಗೆ ಕೃತಕ ಬಣ್ಣ ಹಾಕೋದಕ್ಕೆ ನಿಷೇಧ ಬಂತು. ಅದೇ ವರ್ಷ ಆಹಾರ ಸುರಕ್ಷತಾ ಇಲಾಖೆ ಶವರ್ಮಾ ಮಾದರಿಗಳನ್ನೂ ಪರೀಕ್ಷೆ ಮಾಡಿಸಿದಾಗ ಕೆಲವದರಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್ ಕಂಡುಬಂತು.

ಹಾಗಂತ ಅಗ್ಗದ ಅಂಗಡಿ ಎಲ್ಲಾ ಕೆಟ್ಟದ್ದು ಅಂತಲ್ಲ. ಬೇಗ ಖಾಲಿಯಾಗಿ ದಿನಾ ಹೊಸ ಮಾಂಸ ಏರಿಸೋ ಸಣ್ಣ ಅಂಗಡಿ, ಗಿರಾಕಿ ಇಲ್ಲದ ದೊಡ್ಡ ಹೋಟೆಲ್‌ಗಿಂತ ಎಷ್ಟೋ ವಾಸಿ.

ಹೋಗೋ ಮುಂಚೆ ಇಷ್ಟು ನೋಡಿ

- ಸಲಾಕೆ ತಿರುಗ್ತಾ ಇದೆಯಾ, ಬೆಂಕಿ ಉರೀತಾ ಇದೆಯಾ? ಆರಿಸಿಟ್ಟ ಸಲಾಕೆಯಿಂದ ಹೆರೆದು ಕೊಟ್ರೆ ಬೇಡ ಅನ್ನಿ.
- ಮಾಂಸವನ್ನು ನಿಮ್ಮ ಮುಂದೆ ಹೆರೀತಾರಾ, ಟ್ರೇನಿಂದ ತೆಗೀತಾರಾ?
- ಕಚ್ಚಿದಾಗ ಕೋಳಿ ಮಾಂಸ ಒಳಗೆ ಗುಲಾಬಿ ಬಣ್ಣ ಇದ್ರೆ, ಅಂಟಂಟಾಗಿದ್ರೆ ವಾಪಸ್ ಕೊಡಿ. ಮುಜುಗರ ಬೇಡ.
- ಮೊಸರಿನ ಸಾಸ್, ಮಯೋನೀಸ್ ತಣ್ಣಗಿನ ಜಾಗದಲ್ಲಿ ಇಟ್ಟಿದ್ದಾರಾ?
- ಹಣ ಮುಟ್ಟಿದ ಕೈಯಲ್ಲೇ ರೊಟ್ಟಿ ಸುತ್ತುತ್ತಾರಾ?
- ಊರಿನ ಜನರೇ ಸಾಲಲ್ಲಿ ನಿಂತಿದ್ದಾರಾ? ಯಾವ ದೇಶದಲ್ಲಾದ್ರೂ ಇದು ಒಳ್ಳೇ ಸೂಚನೆ.
- ನಮ್ಮಲ್ಲಾದ್ರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಗೋಡೆ ಮೇಲೆ ಇದೆಯಾ ನೋಡಿ.

ಅಭಿಪ್ರಾಯ ಹೇಳೋರಿಗೂ ಒಂದು ಮಾತು

ಸಣ್ಣ ಅಂಗಡಿಯವರ ಪಾಲಿಗೆ ಒಂದು ಕೆಟ್ಟ ಮಾತು ಅಂದ್ರೆ ಒಂದು ವಾರದ ವ್ಯಾಪಾರ ಕೂಡ ಆಗಿರಬಹುದು. ಹಾಗಂತ ಹೊಟ್ಟೆ ಕೆಟ್ಟವರು ಸುಮ್ಮನಿದ್ರೆ ಮುಂದಿನವರಿಗೆ ತೊಂದರೆ. ಆದ್ದರಿಂದ ಬರೀ ‘ವೇಸ್ಟ್’, ‘ಬೆಂಕಿ’ ಅಂತ ಹೇಳೋ ಬದಲು ವಿವರ ಹೇಳಿ: ಯಾವ ದಿನ, ಎಷ್ಟು ಗಂಟೆಗೆ ಹೋದದ್ದು, ಏನು ಕೇಳಿದ್ದು, ಏನು ಬಂದದ್ದು, ಎಷ್ಟು ಕೊಟ್ಟದ್ದು, ದೂರು ಹೇಳಿದಾಗ ಅಂಗಡಿಯವರು ಏನಂದರು. ತಪ್ಪು ತೋರಿಸಿದ ತಕ್ಷಣ ಬೇರೆ ಮಾಡಿಕೊಟ್ಟಿದ್ರೆ ಅದನ್ನೂ ಹೇಳಿ. ಇಷ್ಟು ಗೊತ್ತಾದ್ರೆ ಓದೋರು ತಾವೇ ನಿರ್ಧಾರ ಮಾಡ್ತಾರೆ, ಅಂಗಡಿಯವರಿಗೂ ಎಲ್ಲಿ ತಿದ್ದಿಕೊಳ್ಳಬೇಕು ಅಂತ ತಿಳಿಯುತ್ತೆ.