ನಮ್ಮನೆ ಹಳೇ ತೆಪ್ಪಕ್ಕೆ ಹೊಸ ಚರ್ಮ

ಪುಸ್ತಕದಲ್ಲಿ ಹರಿಗೋಲು ಅಂತ ಬರೀತಾರೆ. ನಮ್ಮ ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ತೆಪ್ಪ ಅಂತೀವಿ. ಮೇಲುಕೋಟೆ ಕಲ್ಯಾಣೀಲಿ ಚೆಲುವನಾರಾಯಣಸ್ವಾಮಿ ಕೂರೋ ತೆಪ್ಪ ಬೇರೆ, ಅದು ದೇವ್ರದ್ದು, ಹೂವು ದೀಪದ ಅಲಂಕಾರದ್ದು. ನಾನು ಹೇಳ್ತಿರೋದು ಬಿದಿರ ದಬ್ಬೇಲಿ ಹೆಣೆದ, ದೊಡ್ಡ ಮಂಕ್ರಿ ಥರ ದುಂಡಗಿರೋ, ಹೊಳೇಲಿ ಗಿರಗಿರ ತಿರುಗೋ ತೆಪ್ಪ.

ಹಾಯಿ ಕಟ್ಟಿದ ದೋಣಿ ಸಮುದ್ರದ ಕಡೆಯೋರಿಗೆ ಸರಿ. ನಮ್ಮ ಕಾವೇರಿ ನೋಡಿ, ಬೇಸಗೇಲಿ ಮೊಣಕಾಲುದ್ದ ನೀರು, ಎಲ್ಲಿ ನೋಡಿದ್ರೂ ಬಂಡೆ. ಮಳೆಗಾಲದಲ್ಲಿ ಅದೇ ಬಂಡೆಗಳ ಮೇಲೆ ಕೆಂಪು ನೀರು ಸುಳಿ ಸುತ್ತುತ್ತೆ. ಚೂಪು ತಳದ ದೋಣಿ ಇಳಿಸಿದ್ರೆ ಮೊದಲ್ನೇ ಬಂಡೆಗೇ ಹೋಳಾಗುತ್ತೆ. ತೆಪ್ಪದ ತಳ ಚಪ್ಪಟೆ, ಗೇಣುದ್ದ ನೀರಿದ್ರೂ ತೇಲುತ್ತೆ, ಬಂಡೆ ತಾಗಿದ್ರೆ ಬಿದಿರು ಬಳುಕಿ ಜಾರಿಕೊಂಡು ಹೋಗುತ್ತೆ. ಇದನ್ನ ಯಾರೋ ಕೂತು ಲೆಕ್ಕ ಹಾಕಿ ಮಾಡಿದ್ದಲ್ಲ, ಹೊಳೆನೇ ಕಲಿಸಿದ್ದು ಅಂತ ನನಗನ್ಸುತ್ತೆ.

ಎಷ್ಟು ಹಳೇದು ಅಂತೀರಾ? ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗಲ್ ದೇಶದ ಡೊಮಿಂಗೊ ಪಾಯೆಸ್ ಆನೆಗೊಂದಿ ದಾಟೋ ಕಡೆ ಇದನ್ನ ನೋಡಿ ಬರೆದವ್ನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡೀತಾರೆ, ಬೇಕಾದ್ರೆ ಕುದುರೆ ಎತ್ತನ್ನೂ ದಾಟಿಸ್ತಾರೆ, ನೆಟ್ಟಗೆ ಹೋಗಲ್ಲ ತಿರುಗ್ತಾನೇ ಹೋಗುತ್ತೆ, ಈ ರಾಜ್ಯದ ಹೊಳೆಗಳಲ್ಲಿ ಬೇರೆ ದೋಣಿನೇ ಇಲ್ಲ ಅಂತ. ಐನೂರು ವರ್ಷ ಆದ್ರೂ ಆ ತಿರುಗೋದೊಂದು ಬದಲಾಗಿಲ್ಲ ಕಣ್ರೀ! ಅದಕ್ಕೂ ಎರಡು ಸಾವಿರ ವರ್ಷದ ಹಿಂದೆ ಗ್ರೀಸ್ ದೇಶದ ಹೆರೊಡೋಟಸ್ ಬ್ಯಾಬಿಲೋನಿಗೆ ಬರೋ ದುಂಡು ದೋಣಿ ವಿಷಯ ಬರೆದವ್ನೆ. ಹೊಳೆ ಇಳಿದು ಊರು ಸೇರಿದ ಮೇಲೆ ಕಟ್ಟಿಗೆ ಚೌಕಟ್ಟು ಮಾರಿಬುಟ್ಟು, ಚರ್ಮ ಮಾತ್ರ ಕತ್ತೆ ಮೇಲೆ ಹೇರ್ಕೊಂಡು ವಾಪಸ್ ಹೋಗ್ತಿದ್ರಂತೆ. ಬೆಲೆ ಇದ್ದದ್ದು ಚರ್ಮಕ್ಕೆ.

ನಮ್ಮಲ್ಲೂ ಹಂಗೇ ಇತ್ತು. ಎತ್ತಿನದೋ ಎಮ್ಮೆದೋ ಚರ್ಮ ಹದ ಮಾಡಿ, ಹೊಲಿದು, ಬಿದಿರಿಗೆ ಬಿಗಿದು ಕಟ್ಟಬೇಕು. ಬಳಸಿದ ಮೇಲೆ ದಡಕ್ಕೆ ಎಳೆದು ಬೋರಲು ಹಾಕಿ ಒಣಗಿಸಬೇಕು, ಇಲ್ದಿದ್ರೆ ಕೊಳೆಯುತ್ತೆ. ಒಂದು ತೆಪ್ಪ ಹೊಳೆಗೆ ಇಳೀಬೇಕಾದ್ರೆ ಚರ್ಮ ಹದ ಮಾಡೋರ ಕೈ, ಬಿದಿರು ಹೆಣೆಯೋರ ಕೈ, ಹುಟ್ಟು ಹಾಕೋ ಬೆಸ್ತರ ಕೈ ಮೂರೂ ಸೇರಬೇಕಿತ್ತು. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಹೇಮಾವತಿ, ಲಕ್ಷ್ಮಣತೀರ್ಥ ಕಾವೇರಿಗೆ ಸೇರೋ ಜಾಗದ ಊರಿನ ಹೆಸರೇ ಅಂಬಿಗರಹಳ್ಳಿ. ನಾಗಮಂಗಲದ ಕಡೆ ದೊಡ್ಡ ಹೊಳೆ ಇಲ್ಲ, ಅವ್ರಿಗೆ ತೆಪ್ಪ ಬೇಕಾಗಿದ್ದು ಕೆರೆ ಮೀನಿಗೆ.

ಯುದ್ಧಕ್ಕೂ ಇದು ಬೇಕಾಯ್ತು. 1799ರ ಮೇ 4ರಂದು ಇಂಗ್ಲಿಷರು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದಾಗ ಹೊಳೆ ಬತ್ತಿತ್ತು, ನಡ್ಕೊಂಡೇ ದಾಟಿದ್ರು. ಮುಂಗಾರು ಬಂದಿದ್ರೆ ಕಥೆ ಬೇರೆ ಆಗ್ತಿತ್ತು. ಆಮೇಲೆ ಇಲ್ಲೇ ದಳಪತಿಯಾಗಿದ್ದ ಆರ್ಥರ್ ವೆಲ್ಲೆಸ್ಲಿ ಅದನ್ನ ಮರೀಲಿಲ್ಲ. 1803ರಲ್ಲಿ ಮರಾಠರ ಮೇಲೆ ದಂಡು ತಗೊಂಡು ಹೋದಾಗ ತುಂಬಿದ ಹೊಳೆ ದಾಟೋಕೆ ಚರ್ಮ ಹೊದೆಸಿದ ಬುಟ್ಟಿ ದೋಣಿ ಮಾಡಿಸ್ದ, ಅದನ್ನ ಹೆಂಗೆ ಮಾಡ್ಬೇಕು ಅಂತ ಕಾಗದನೂ ಬರೆದ. ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನ್ನ ಸೋಲಿಸಿದ್ದು ಇದೇ ಮನುಷ್ಯ. ಇವನ ಅಣ್ಣ ಗವರ್ನರ್ ಜನರಲ್. ಅವನ ಹೆಸರಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಾವೇರಿಗೆ ಕಟ್ಟಿಸಿದ ಕಲ್ಲಿನ ವೆಲ್ಲೆಸ್ಲಿ ಸೇತುವೆ ಈಗಲೂ ಐತೆ. ಸೇತುವೆಗೆ ಹೆಸರು ಸಿಕ್ತು. ಬುಟ್ಟಿ ಹೆಣೆದೋರ ಹೆಸರು ಎಲ್ಲೂ ಇಲ್ಲ.

ಈಗ ನಮ್ಮನೆ ತೆಪ್ಪದ ವಿಷಯಕ್ಕೆ ಬರ್ತೀನಿ. ನಮ್ಮ ಮಾವನವ್ರ ಕಾಲದಲ್ಲಿ ಹೊಳೆ ಆಚೆ ನಡುಗಡ್ಡೇಲಿ ಒಂದಿಷ್ಟು ಗದ್ದೆ ಇತ್ತು. ನಾಟಿ ಆಳುಗಳು, ಭತ್ತದ ಮೂಟೆ, ಬುತ್ತಿ ಎಲ್ಲ ತೆಪ್ಪದಲ್ಲೇ. ಗದ್ದೆ ಹೋಯ್ತು, ತೆಪ್ಪ ಕೊಟ್ಟಿಗೆ ಗೋಡೆಗೆ ಒರಗಿಕೊಂಡು ಹದಿನೆಂಟು ವರ್ಷ ಕೂತಿತ್ತು. ಕೋಳಿ ಮೊಟ್ಟೆ ಇಡ್ತಿದ್ವು. ನಮ್ಮನೆಯವ್ರು "ಒಡೆದು ನೀರೊಲೆಗೆ ಹಾಕು, ಹದಿನೈದು ದಿನ ಬತ್ತದೆ" ಅಂದ್ರು. ನಮ್ಮತ್ತೆ ಮಾತಾಡಲಿಲ್ಲ, ಆದ್ರೆ ಆವತ್ತು ಊಟ ಸರಿಯಾಗಿ ಮಾಡ್ಲಿಲ್ಲ. ಅವ್ರು ಮದುವೆಯಾಗಿ ಈ ಮನೆಗೆ ಬಂದಿದ್ದೇ ಅಂಥದ್ದೊಂದು ತೆಪ್ಪದಲ್ಲಿ ಹೊಳೆ ದಾಟಿ.

ಪಕ್ಕದೂರಿನ ಬೆಸ್ತರ ತಾತನ್ನ ಕರೆಸಿದೆ. ಎಂಬತ್ತರ ಹತ್ರ ವಯಸ್ಸು. ತಾತ ಬಂದು ಕಣ್ಣಲ್ಲಿ ನೋಡೋಕ್ಕಿಂತ ಮುಂಚೆ ಬೆರಳಲ್ಲಿ ಬಡಿದು ಬಡಿದು ಕೇಳ್ತು. ಟಣ್ ಅಂದ್ರೆ ದಬ್ಬೆ ಗಟ್ಟಿ, ಬೊದ್ ಅಂದ್ರೆ ಹುಳ ತಿಂದೈತೆ. "ತಳ ಚೆಂದಾಗೈತೆ ಕಣವ್ವ, ಅಂಚು ಹೋಗದೆ. ತೆಪ್ಪ ಸಾಯಾಕಿಲ್ಲ, ಒಂದೊಂದೇ ದಬ್ಬೆ ಬದಲಾಯಿಸ್ಕೊಂಡು ಹೋದ್ರೆ ಆಯ್ತು" ಅಂತು. ನಮ್ಮತ್ತೆ ಆಗ ಹೇಳಿದ್ರು, ಮಾವನವ್ರೂ ಇದನ್ನ ಹಳೇ ತೆಪ್ಪದ ತಳ ಇಟ್ಕೊಂಡು ಮೇಲೆ ಹೆಣೆಸಿದ್ದಂತೆ. ಹಂಗಾದ್ರೆ ಇದರ ವಯಸ್ಸು ಎಷ್ಟು ಅಂತ ಹೇಳೋದು? ಇತಿಹಾಸ ಅಂದ್ರೆ ಕಲ್ಲಿನ ಶಾಸನ ಅಂತ ಪಿಯುಸಿಲಿ ಓದಿದ್ದೆ. ಇಲ್ಲಿ ಒಂದೊಂದು ದಬ್ಬೆಗೂ ಒಂದೊಂದು ಕಾಲ ಇತ್ತು.

ಬಿದಿರು ಸೀಳಿ ಎರಡು ರಾತ್ರಿ ತೊಟ್ಟೀಲಿ ನೆನೆಹಾಕಿದ್ವಿ. ನೆಂದ್ರೆ ಬಗ್ಗುತ್ತೆ, ಹುಳಾನೂ ಬೇಗ ಹತ್ತಲ್ಲ. ಹೊಸದಾಗಿ ಹೆಣೆಯೋದಾದ್ರೆ ನೆಲದ ಮೇಲೆ ದಬ್ಬೆ ಹಾಸಿ, ನಡುವೆ ಕಲ್ಲು ಹೇರಿ, ಸುತ್ತ ಮೇಲಕ್ಕೆ ಬಗ್ಗಿಸಿ ಅಂಚು ಕಟ್ತಾರೆ. ನಮ್ದು ರಿಪೇರಿ, ಅದೇ ಕಷ್ಟ. ಹಳೇ ದಬ್ಬೆ ಎಳೆಯೋ ಮುಂಚೆ ಹೊಸದು ತೂರಿಸಬೇಕು, ಇಲ್ಲ ಅಂದ್ರೆ ಹೆಣಿಗೆ ಸಡಿಲ ಬೀಳುತ್ತೆ. ಸ್ವೆಟರ್ ಹೆಣೆಯೋರಿಗೆ ಇದು ತಕ್ಷಣ ಅರ್ಥ ಆಗುತ್ತೆ.

ಚರ್ಮದ ಜಾಗಕ್ಕೆ ಈಗ ಗೊಬ್ಬರದ ಪ್ಲಾಸ್ಟಿಕ್ ಚೀಲ. ಮನೇಲಿದ್ದ ಇಪ್ಪತ್ತೆರಡು ಯೂರಿಯಾ ಚೀಲ ತೊಳೆದು, ಬಿಚ್ಚಿ, ದಬ್ಬಳದಲ್ಲಿ ಜೋಡಿಸಿ ನಾನೇ ಹೊಲಿದೆ. ಅದನ್ನ ಹೊದೆಸಿ ಅಂಚಿಗೆ ಬಿಗಿದು, ಮೇಲೆ ಕಾಯಿಸಿದ ಟಾರು. ಟಾರು ಅಂದಾಗ ಇನ್ನೊಂದು ನೆನಪಾಯ್ತು. ಇರಾಕಿನ ಕಡೆ ದುಂಡು ದೋಣಿಗೂ ನೆಲದಿಂದ ಬರೋ ಟಾರನ್ನೇ ಬಳೀತಿದ್ರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಅರ್ವಿಂಗ್ ಫಿಂಕೆಲ್ ಅನ್ನೋ ವಿದ್ವಾಂಸ್ರು ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಮಣ್ಣಿನ ಹಲಗೆ ಓದಿ, ಪ್ರಳಯದ ಕಥೆಯ ದೋಣಿನೂ ದುಂಡಗೇ ಇತ್ತು ಅಂದ್ರು. ಆ ಲೆಕ್ಕದಲ್ಲಿ ಚಿಕ್ಕದೊಂದನ್ನ ನಮ್ಮ ಪಕ್ಕದ ಕೇರಳದಲ್ಲೇ ಕಟ್ಟಿದ್ರು. ತೇಲ್ತು, ಆದ್ರೆ ಟಾರು ಸರಿ ಇಲ್ದೆ ನೀರು ಒಸರಿ ಪಂಪ್ ಇಡಬೇಕಾಯ್ತು. ಇದನ್ನ ತಾತಂಗೆ ಹೇಳಿದ್ರೆ "ಕಾಯಿಸಿದ್ದು ಸಾಲದು ಕಣವ್ವ" ಅಂತ ಒಂದೇ ಮಾತಲ್ಲಿ ಮುಗಿಸ್ತು.

ಖರ್ಚು ಕೇಳೇ ಕೇಳ್ತೀರಿ. ಆರು ಗಳ ಬಿದಿರು 900, ಟಾರು 500, ದಾರ ದಬ್ಬಳ 120, ತಾತನ ಎರಡು ದಿನದ ಕೂಲಿ 1600. ಒಟ್ಟು 3120 ರೂಪಾಯಿ. ಊಟ, ಕಾಫಿ, ವೀಳ್ಯದೆಲೆ ಬಿಟ್ಟು. ಈಗ ಪ್ರವಾಸಿಗಳನ್ನ ಕೂರಿಸೋ ಕಡೆ ಫೈಬರ್ ತೆಪ್ಪ ಬಂದವೆ. ಅವು ಹುಳ ಹಿಡಿಯಲ್ಲ, ನಿಜ. ಆದ್ರೆ ಸೀಳಿದ್ರೆ ಮನೇಲಿ ಕೂತು ದಬ್ಬೆ ತೂರಿಸೋಕಾಗಲ್ಲ. ತಾತನ ಮಕ್ಕಳು ಮೂರು ಜನ, ಯಾರಿಗೂ ಹೆಣಿಗೆ ಬರಲ್ಲ. ಒಬ್ಬ ಮೈಸೂರಲ್ಲಿ ಆಟೋ ಓಡಿಸ್ತಾನೆ. ಅವ್ನನ್ನ ಬಯ್ಯೋಕೆ ನನಗೆ ಮನಸಿಲ್ಲ. ಸೇತುವೆ ಬಂದ ಮೇಲೆ ಹೊಳೆ ದಾಟಿಸಿ ಯಾರು ಬದುಕ್ತಾರೆ? ಅದಕ್ಕೆ ಅಂಚು ಕಟ್ಟೋ ಹೊತ್ತಿಗೆ ನಮ್ಮ ಅಣ್ಣನ ಮಗನ್ನ ಪಕ್ಕದಲ್ಲಿ ಕೂರಿಸಿ ಫೋನಲ್ಲಿ ಪೂರ್ತಿ ವೀಡಿಯೊ ಮಾಡಿಸಿದೆ. ವೀಡಿಯೊ ನೋಡಿ ಬೆರಳಿಗೆ ಬರುತ್ತಾ ಅಂದ್ರೆ, ಬರಲ್ಲ. ಕೊನೆ ಎರಡು ಸುತ್ತು ಹುಡುಗನ ಕೈಲೇ ತಾತ ಹಾಕಿಸ್ತು. ಸೊಟ್ಟ ಬಂತು, ಬಿಚ್ಚಿಸಿ ಇನ್ನೊಂದ್ಸಲ ಹಾಕಿಸ್ತು.

ಮೂರು ದಿನ ಒಣಗಿದ ಮೇಲೆ ಹೊಳೆಗೆ ಇಳಿಸಿದ್ವಿ. ಒಂದು ಹೊಲಿಗೆ ಹತ್ರ ಸಣ್ಣಗೆ ನೀರು ಬಂತು, ತಾತ ಬಟ್ಟೆ ಚೂರಿಗೆ ಟಾರು ಅದ್ದಿ ತುರುಕಿ ನಿಲ್ಲಿಸ್ತು. ನಮ್ಮತ್ತೆನ್ನ ಕೈ ಹಿಡಿದು ಕೂರಿಸಿದ್ವಿ, ದಡದ ಪಕ್ಕದಲ್ಲೇ ಎರಡು ಸುತ್ತು. ಅವ್ರು ಅಂಚು ಹಿಡ್ಕೊಂಡು "ಮೆಲ್ಲಗೆ ಕಣಪ್ಪ" ಅಂತ ಮಾತ್ರ ಹೇಳ್ತಿದ್ರು. ಈಗ ತೆಪ್ಪ ಕೊಟ್ಟಿಗೇಲಿ ನೆಲ ತಾಗದ ಹಂಗೆ ಬೋರಲು ಐತೆ. ಮುಂಗಾರಿಗೆ ಮುಂಚೆ ಇನ್ನೊಂದು ಕೈ ಟಾರು ಬಳೀಬೇಕಂತೆ. ಅರ್ಧ ಡಬ್ಬ ಉಳಿದೈತೆ.