ಯಾರು ಈ ಬೆರಿಲ್ ಬರ್ಟನ್? ಸೈಕಲ್ ಕ್ಲಬ್ ಸದಸ್ಯೆ ಹೆಸರಲ್ಲಿ ಊರಿಗೊಂದು ಪಾರ್ಕು

ಇಂಗ್ಲೆಂಡಿನ ಲೀಡ್ಸ್ ನಗರದ ಪಕ್ಕದಲ್ಲಿ ಮಾರ್ಲಿ ಅಂತ ಒಂದು ಊರಿದೆ. ಅಲ್ಲಿನ ಒಂದು ಪಾರ್ಕಿಗೆ ಇಟ್ಟಿರೋದು ರಾಜಕಾರಣಿಯ ಹೆಸರಲ್ಲ. ಮಾರ್ಲಿ ಸೈಕ್ಲಿಂಗ್ ಕ್ಲಬ್‌ ಪರವಾಗಿ ವರ್ಷಗಟ್ಟಲೆ ಸೈಕಲ್ ತುಳಿದ ಬೆರಿಲ್ ಬರ್ಟನ್ ಹೆಸರು. ಗೋಡೆ ಮೇಲೆ ಅವರ ದೊಡ್ಡ ಚಿತ್ರವೂ ಇದೆ.

1937ರಲ್ಲಿ ಹುಟ್ಟಿದ ಬೆರಿಲ್, ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರದಿಂದ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದವರು. ಸೈಕಲ್ ಹುಚ್ಚು ಹಿಡಿಸಿದ್ದು ಪತಿ ಚಾರ್ಲಿ. ರೇಸ್‌ನಿಂದ ಸಂಬಳ ಬರುತ್ತಿರಲಿಲ್ಲ. ಹೊಟ್ಟೆಪಾಡಿಗೆ ಕ್ಲಬ್ಬಿನ ಗೆಳೆಯರೊಬ್ಬರ ಹೊಲದಲ್ಲಿ ದುಡಿದರು. ಅಂಥವರು 7 ಬಾರಿ ವಿಶ್ವ ಚಾಂಪಿಯನ್ ಆದರು. ಬ್ರಿಟನ್ನಿನ ಅತ್ಯುತ್ತಮ ಆಲ್‌ರೌಂಡರ್ ಪಟ್ಟ 1959ರಿಂದ 1983ರವರೆಗೆ, ಸತತ 25 ವರ್ಷ, ಇವರದ್ದೇ.

ಜನ ಇವತ್ತಿಗೂ ಹೇಳೋದು 1967ರ 12 ಗಂಟೆ ರೇಸಿನ ಕಥೆ. ಗಂಡಸರೆಲ್ಲ ಹೊರಟ ಮೇಲೆ ಹೊರಟ ಬೆರಿಲ್, ಮುಂದಿದ್ದ ಮೈಕ್ ಮೆಕ್‌ನಮಾರಾ ಅವರನ್ನು ಹಿಂದಿಕ್ಕುವಾಗ ಜೇಬಿನಿಂದ ಮಿಠಾಯಿ ತೆಗೆದು ಕೊಟ್ಟರು. ಅವರೂ ಇಸ್ಕೊಂಡರು! ಮೆಕ್‌ನಮಾರಾ ಅವತ್ತು ಪುರುಷರ ಹೊಸ ದಾಖಲೆ ಬರೆದರು. ಬೆರಿಲ್ ತುಳಿದದ್ದು ಅದಕ್ಕಿಂತಲೂ ಜಾಸ್ತಿ: 277.25 ಮೈಲಿ, ಅಂದರೆ ಸುಮಾರು 446 ಕಿ.ಮೀ. ಮಹಿಳೆಯರಲ್ಲಿ ಆ ದಾಖಲೆ ಮುರಿಯಲು 2017ರವರೆಗೆ ಕಾಯಬೇಕಾಯಿತು.

ಇಷ್ಟಾದರೂ ಒಲಿಂಪಿಕ್ಸ್ ಪದಕ ಒಂದೂ ಇಲ್ಲ. ಕಾರಣ ಸರಳ. ಮಹಿಳೆಯರ ಸೈಕ್ಲಿಂಗ್ ಅಲ್ಲಿಗೆ ಬಂದದ್ದೇ 1984ರಲ್ಲಿ, ಆಗ ಬೆರಿಲ್‌ಗೆ 47 ವರ್ಷ.

1996ರ ಮೇ 5ರಂದು ತಮ್ಮ ಹುಟ್ಟುಹಬ್ಬಕ್ಕೆ ಕರೆಯೋಲೆ ಹಂಚಲು ಹೊರಟಿದ್ದಾಗ ಸೈಕಲ್ ಮೇಲೆಯೇ ಪ್ರಾಣ ಹೋಯಿತು.